ಹೆಸರಿಲ್ಲದ ಲಾಟ್: ಒಂದು ಹಳೆಯ ವ್ಯಂಗ್ಯಚಿತ್ರದ ಹರಾಜಿನ ಜಾಡು ಹಿಡಿದು

‘ಅಮೆರಿಕನ್, ಇಪ್ಪತ್ತನೆಯ ಶತಮಾನ, ವ್ಯಂಗ್ಯಚಿತ್ರ, ರಟ್ಟಿನ ಮೇಲೆ ಮಸಿ ಮತ್ತು ವಾಷ್, ಬಲಗಡೆ ಕೆಳಗೆ ಸಹಿ, ಅಂದಾಜು ಬೆಲೆ 150ರಿಂದ 250 ಡಾಲರ್.’ ನ್ಯೂಜೆರ್ಸಿಯ ಒಂದು ಸಣ್ಣ ಹರಾಜು ಸಂಸ್ಥೆಯ ಕ್ಯಾಟಲಾಗಿನಲ್ಲಿ, ಬೆಳ್ಳಿ ಚಮಚಗಳ ಪೆಟ್ಟಿಗೆಗೂ ಒಂದು ಜೊತೆ ಹಿತ್ತಾಳೆಯ ದೀಪಗಳಿಗೂ ನಡುವೆ, ಆ ಚಿತ್ರದ ಬಗ್ಗೆ ಇದ್ದ ವಿವರ ಇಷ್ಟೇ. ಯಾವ ಪತ್ರಿಕೆಗೆ ಬರೆದದ್ದು, ಯಾವ ವರ್ಷದ್ದು, ಅಡಿಬರಹ ಏನಿತ್ತು, ಇದಕ್ಕೂ ಮೊದಲು ಎಲ್ಲಿ ಮಾರಾಟವಾಗಿತ್ತು ಎಂಬುದರ ಸುಳಿವೇ ಇರಲಿಲ್ಲ. ಸಹಿ ಸ್ಪಷ್ಟವಾಗಿಯೇ ಇದ್ದರೂ ಕ್ಯಾಟಲಾಗ್ ಬರೆದವರು ಅದನ್ನು ಓದುವ ಗೋಜಿಗೆ ಹೋಗಿರಲಿಲ್ಲ. ನಾನು ಆ ಸಹಿಯನ್ನು ಗುರುತಿಸಿದೆ. ಆದರೆ ಚಿತ್ರಕಾರರ ಕುಟುಂಬದವರ ಕೋರಿಕೆಯಂತೆ ಇಲ್ಲಿ ಅವರ ಹೆಸರನ್ನಾಗಲಿ, ಚಿತ್ರ ಅಚ್ಚಾದ ಸಂಚಿಕೆಯ ದಿನಾಂಕವನ್ನಾಗಲಿ ಬರೆಯುತ್ತಿಲ್ಲ. 1940 ಮತ್ತು 50ರ ದಶಕಗಳಲ್ಲಿ ಅಮೆರಿಕದ ದೊಡ್ಡ ವಾರಪತ್ರಿಕೆಗಳಿಗೆ ನೂರಾರು ಚಿತ್ರಗಳನ್ನು ಬರೆದು, ಇಂದು ಸಂಗ್ರಾಹಕರನ್ನು ಬಿಟ್ಟರೆ ಬೇರಾರೂ ನೆನೆಯದ ಒಬ್ಬ ವ್ಯಂಗ್ಯಚಿತ್ರಕಾರ ಎಂದಷ್ಟೇ ಹೇಳಿದರೆ ಸಾಕು.

ಚಿತ್ರದ ಸನ್ನಿವೇಶ ಅದರ ಕಾಲವನ್ನು ತಾನೇ ಹೇಳುತ್ತಿತ್ತು. ಬಾಡಿಗೆ ಮನೆ ತೋರಿಸುವ ದಪ್ಪನೆಯ ದಲ್ಲಾಳಿಯೊಬ್ಬ ಪೊರಕೆ, ಬಕೆಟ್ಟುಗಳನ್ನಿಡುವ ಗೂಡಿನಂಥ ಕೋಣೆಯ ಬಾಗಿಲನ್ನು ಹೆಮ್ಮೆಯಿಂದ ತೆರೆದು ಹಿಡಿದಿದ್ದಾನೆ. ಸೈನ್ಯದಿಂದ ಈಗಷ್ಟೇ ಬಿಡುಗಡೆಯಾದವನೆಂದು ಕೋಟಿನಿಂದಲೇ ಗೊತ್ತಾಗುವ ಯುವಕ ಅದರೊಳಗೆ ನಿಂತು ತೋಳು ಚಾಚಿ ಅಗಲವನ್ನು ಅಳೆಯುತ್ತಿದ್ದಾನೆ. ಅವನ ಹೆಂಡತಿ ಹೊಸ್ತಿಲಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದಾಳೆ. ಎರಡನೆಯ ಮಹಾಯುದ್ಧ ಮುಗಿದು ಲಕ್ಷಗಟ್ಟಲೆ ಸೈನಿಕರು ಮನೆಗೆ ಮರಳಿದಾಗ ಅಮೆರಿಕದ ನಗರಗಳಲ್ಲಿ ಮನೆಗಳೇ ಸಿಗದಂತಾಗಿತ್ತು, ಮತ್ತು 1946ರ ನಂತರದ ಕೆಲವು ವರ್ಷ ವ್ಯಂಗ್ಯಚಿತ್ರಕಾರರಿಗೆ ಆ ಕೊರತೆ ಬತ್ತದ ವಸ್ತುವಾಗಿತ್ತು. ಅಡಿಬರಹವಿಲ್ಲದೆಯೂ ಚಿತ್ರ ನಗಿಸುತ್ತಿತ್ತು. ಆದರೂ ಅಡಿಬರಹ ಇದ್ದೇ ಇರಬೇಕು, ಏಕೆಂದರೆ ದಲ್ಲಾಳಿಯ ಬಾಯಿ ತೆರೆದಿತ್ತು. ಮಾತನಾಡುತ್ತಿರುವವರು ಯಾರೆಂಬುದು ನೋಡಿದ ಕೂಡಲೇ ಗೊತ್ತಾಗಬೇಕೆಂಬುದು ಆ ಕಾಲದ ಸಂಪಾದಕರ ಕಟ್ಟುನಿಟ್ಟು. ‘ದಿ ನ್ಯೂಯಾರ್ಕರ್’ ವಾರಪತ್ರಿಕೆಯನ್ನು ಸ್ಥಾಪಿಸಿದ ಹೆರಾಲ್ಡ್ ರಾಸ್ ಚಿತ್ರಗಳನ್ನು ಆಯ್ಕೆ ಮಾಡುವ ಮಂಗಳವಾರದ ಸಭೆಗಳಲ್ಲಿ ‘ಮಾತಾಡ್ತಿರೋರು ಯಾರು?’ ಎಂದು ಕೇಳುತ್ತಿದ್ದರೆಂಬುದು ಪ್ರಸಿದ್ಧ.

ಇಂಥ ಮೂಲಚಿತ್ರಗಳ ಮಾರುಕಟ್ಟೆಯ ಬಗ್ಗೆ ಸುದ್ದಿಯಾಗುವುದು ಶಿಖರಗಳು ಮಾತ್ರ. ಕಂಪ್ಯೂಟರಿನ ಮುಂದೆ ಕುಳಿತ ನಾಯಿಯೊಂದು ಇನ್ನೊಂದು ನಾಯಿಗೆ, ಇಂಟರ್ನೆಟ್ಟಿನಲ್ಲಿ ನೀನು ನಾಯಿ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳುವ ಪೀಟರ್ ಸ್ಟೈನರ್ ಅವರ ಚಿತ್ರ 1993ರ ಜುಲೈ 5ರ ‘ದಿ ನ್ಯೂಯಾರ್ಕರ್’ ಸಂಚಿಕೆಯಲ್ಲಿ ಬಂದಿತ್ತು. ಅದರ ಮೂಲಪ್ರತಿ 2023ರ ಅಕ್ಟೋಬರಿನಲ್ಲಿ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 1,75,000 ಡಾಲರಿಗೆ ಹೋದಾಗ ಎಲ್ಲ ಪತ್ರಿಕೆಗಳೂ ಬರೆದವು. ಚಾರ್ಲ್ಸ್ ಆಡಮ್ಸ್, ಪೀಟರ್ ಆರ್ನೊ, ಸಾಲ್ ಸ್ಟೈನ್‌ಬರ್ಗ್ ಅವರಂಥ ಹೆಸರಾಂತ ‘ದಿ ನ್ಯೂಯಾರ್ಕರ್’ ಚಿತ್ರಕಾರರ ಕೃತಿಗಳಿಗೆ ಪ್ರತ್ಯೇಕ ಪುಟ, ಬಣ್ಣದ ಫೋಟೊ, ಹಿಂದಿನ ಒಡೆತನದ ವಿವರ ಎಲ್ಲವೂ ಸಿಗುತ್ತವೆ. ಅವರ ಜೊತೆಗೇ ಅದೇ ಪುಟಗಳಲ್ಲಿ ವಾರವಾರವೂ ದುಡಿದ ಹತ್ತಾರು ಜನರ ಚಿತ್ರಗಳು ಮಾತ್ರ, ಸಂತೆ ಮುಗಿಯುವ ಹೊತ್ತಿಗೆ ಉಳಿದ ತರಕಾರಿಯನ್ನು ಗುಡ್ಡೆ ಹಾಕಿ ಮಾರುವಂತೆ, ನಾಲ್ಕೈದು ಸೇರಿ ಒಂದೇ ಲಾಟ್ ಆಗಿ, ಅಂದರೆ ಒಂದೇ ಸಂಖ್ಯೆಯಡಿ ಒಟ್ಟಿಗೆ ಸವಾಲಿಗಿಟ್ಟ ಗುಂಪಾಗಿ, ಹೋಗುತ್ತಿದ್ದವು. ಹರಾಜಾಗಿರುವುದು ನಿಜ, ಏನು ಹರಾಜಾಯಿತೆಂಬ ದಾಖಲೆ ಮಾತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಾನು ಈ ಬರಹದಲ್ಲಿ ಹೇಳಹೊರಟಿರುವುದು ಅಂಥ ಒಂದು ಚಿತ್ರದ ದಾಖಲೆಯನ್ನು ಮರಳಿ ಕಟ್ಟಿದ ಬಗೆಯನ್ನು.

ಮೂಲಚಿತ್ರಗಳಿಗೆ ಈ ಗತಿ ಬಂದದ್ದಕ್ಕೆ ಕಾರಣ ಅವು ಹುಟ್ಟಿದ ರೀತಿಯಲ್ಲೇ ಇದೆ. ಪತ್ರಿಕೆ ದುಡ್ಡು ಕೊಡುತ್ತಿದ್ದುದು ಅಚ್ಚು ಹಾಕುವ ಹಕ್ಕಿಗೆ. ಕಾಗದದ ಮೇಲಿನ ಚಿತ್ರ ಬ್ಲಾಕ್ (ಅಚ್ಚು ಹಾಕಲು ಬಳಸುವ ಲೋಹದ ಪಡಿಯಚ್ಚು) ಮಾಡಿಸಲು ಬೇಕಾದ ಸಾಮಗ್ರಿ ಅಷ್ಟೇ; ಬ್ಲಾಕ್ ಆದ ಮೇಲೆ ಅದು ಚಿತ್ರಕಾರರಿಗೆ ಮರಳುತ್ತಿತ್ತು, ಇಲ್ಲವೇ ಕಚೇರಿಯ ಬೀರುವಿನಲ್ಲಿ ಉಳಿಯುತ್ತಿತ್ತು, ಇಲ್ಲವೇ ಕೇಳಿ ಪತ್ರ ಬರೆದ ಓದುಗರಿಗೆ ಪುಕ್ಕಟೆಯಾಗಿ ಹೋಗುತ್ತಿತ್ತು. ಗ್ರಂಥಾಲಯಗಳ ಪೈಕಿ ಸಿರಕ್ಯೂಸ್ ವಿಶ್ವವಿದ್ಯಾಲಯ 1960ರ ದಶಕದಲ್ಲಿ ಚಿತ್ರಕಾರರನ್ನೇ ಕೇಳಿ ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿತು. ಆದರೆ 1969ರ ತೆರಿಗೆ ಸುಧಾರಣಾ ಕಾಯ್ದೆ ಬಂದ ನಂತರ ಕಲಾವಿದರು ತಮ್ಮದೇ ಕೃತಿಯನ್ನು ದಾನ ಕೊಟ್ಟರೆ ಮಾರುಕಟ್ಟೆ ಬೆಲೆಯ ಬದಲು ಕಾಗದ, ಮಸಿಗಳ ಖರ್ಚಿಗಷ್ಟೇ ವಿನಾಯಿತಿ ಸಿಗುವಂತಾಯಿತು; ಕೊಡುವ ಕೈಗಳು ಸಹಜವಾಗಿಯೇ ಹಿಂದೆ ಸರಿದವು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇಂದು ಬಿಲ್ಲಿ ಐರ್ಲೆಂಡ್ ಹೆಸರಿನಲ್ಲಿರುವ ವ್ಯಂಗ್ಯಚಿತ್ರ ಗ್ರಂಥಾಲಯ ಆರಂಭವಾದದ್ದು 1977ರಲ್ಲಿ. ಅಷ್ಟರೊಳಗೆ ಎಷ್ಟೋ ಮನೆಗಳ ಅಟ್ಟ, ಗ್ಯಾರೇಜುಗಳು ಖಾಲಿಯಾಗಿದ್ದವು.

ನನಗೆ ಈ ಹುಚ್ಚು ಹತ್ತಿದ್ದು ಮೈಸೂರಿನಲ್ಲಿ, ಅಜ್ಜನ ಮನೆಯಲ್ಲಿದ್ದ ಬೈಂಡ್ ಮಾಡಿಸಿದ ‘ಕೊರವಂಜಿ’ ಸಂಪುಟಗಳಿಂದ. ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ ಆ ಪತ್ರಿಕೆಗೆ ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್, ಅದೇ ಮೈಸೂರಿನಲ್ಲಿ ಅಕ್ಷರ ಕಲಿಯುವ ಮೊದಲೇ ‘ಸ್ಟ್ರ್ಯಾಂಡ್’, ‘ಪಂಚ್’, ‘ಬೈಸ್ಟ್ಯಾಂಡರ್’ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿಹೋಗುತ್ತಿದ್ದುದನ್ನು ಹೇಳಿಕೊಂಡಿದ್ದಾರೆ. ಅವರು ನೋಡಿದ್ದು ಅಚ್ಚನ್ನು, ನಾನು ನೋಡಿದ್ದೂ ಅಚ್ಚನ್ನೇ. ಮೂಲಚಿತ್ರವೊಂದನ್ನು ಕೈಯಲ್ಲಿ ಹಿಡಿದು ನೋಡುವ ಆಸೆಗೆ ಇದಕ್ಕಿಂತ ದೊಡ್ಡ ಸಮರ್ಥನೆ ನನ್ನಲ್ಲಿಲ್ಲ.

ಸವಾಲು ಕೂಗುವ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಹಿಂಬದಿಯ ಫೋಟೊ ಕೇಳುವುದು. ಸಣ್ಣ ಸಂಸ್ಥೆಗಳು ಕ್ಯಾಟಲಾಗಿನಲ್ಲಿ ಮುಂಬದಿಯನ್ನಷ್ಟೇ ಹಾಕುತ್ತವೆ. ಕೇಳಿದರೆ ಹೆಚ್ಚಿನವರು ಬೇಸರಿಸದೆ ಹಿಂಬದಿಯನ್ನೂ, ಅಂಚುಗಳನ್ನೂ ತೆಗೆದು ಕಳುಹಿಸುತ್ತಾರೆ. ನನಗೆ ಬಂದ ಫೋಟೊಗಳನ್ನು ಹಿಗ್ಗಿಸಿ ನೋಡಿದಾಗ ಇದು ಅಚ್ಚಿನ ಪ್ರತಿಯಲ್ಲವೆಂಬುದು ಖಚಿತವಾಯಿತು. ಅಚ್ಚಿನಲ್ಲಾದರೆ ಬೂದುಛಾಯೆಯೆಲ್ಲ ಹಾಫ್‌ಟೋನಿನ ಸಣ್ಣ ಚುಕ್ಕಿಗಳಾಗಿ ಒಡೆದಿರುತ್ತದೆ. ಇಲ್ಲಿ ವಾಷ್, ಅಂದರೆ ನೀರು ಬೆರೆಸಿದ ಮಸಿ, ಕಾಗದದಲ್ಲಿ ಇಂಗಿ, ಒಣಗಿದ ಅಂಚಿನಲ್ಲಿ ಗಾಢವಾಗಿ ನಿಂತಿತ್ತು. ಬಾಗಿಲಿನ ಗೆರೆಗಳ ಕೆಳಗೆ ಅಳಿಸದೆ ಉಳಿದ ಪೆನ್ಸಿಲ್ ಕಾಣುತ್ತಿತ್ತು. ಅಂಚಿನಲ್ಲಿ ನೀಲಿ ಪೆನ್ಸಿಲಿನಲ್ಲಿ ಎರಡು ಬಾಣಗಳ ನಡುವೆ ಇಂಚುಗಳ ಅಳತೆ ಬರೆದಿತ್ತು. ಚಿತ್ರವನ್ನು ಎಷ್ಟಕ್ಕೆ ಕುಗ್ಗಿಸಬೇಕೆಂದು ಬ್ಲಾಕ್ ಮಾಡುವವರಿಗೆ ಕಲಾವಿಭಾಗದವರು ಕೊಟ್ಟ ಸೂಚನೆ ಅದು. ಈ ಗುರುತಿಗೆ ಇನ್ನೊಂದು ಬೆಲೆಯೂ ಇದೆ. ಆಗಿನ ಚಿತ್ರಕಾರರು ಮೊದಲು ಒಂದು ಕಟ್ಟು ಕರಡುಗಳನ್ನು ಸಂಪಾದಕರಿಗೆ ತೋರಿಸಿ, ಒಪ್ಪಿಗೆಯಾದದ್ದನ್ನು ಮಾತ್ರ ಅಚ್ಚಿಗೆ ತಕ್ಕಂತೆ ಮತ್ತೆ ಬರೆಯುತ್ತಿದ್ದರು. ಜನಪ್ರಿಯವಾದ ಚಿತ್ರವನ್ನು ಸ್ನೇಹಿತರಿಗಾಗಿ ಮೂರನೆಯ ಸಲ ಬರೆದುಕೊಟ್ಟದ್ದೂ ಉಂಟು. ಹರಾಜಿನಲ್ಲಿ ಈ ಮೂರೂ ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಅಳತೆಯ ಸೂಚನೆ ಇರುವುದು ಸಾಮಾನ್ಯವಾಗಿ ಅಚ್ಚಿಗೆ ಹೋದ ಪ್ರತಿಯ ಮೇಲೆ.

ಹರಾಜಿನ ದಿನದ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಜಾಲತಾಣದ ವೇದಿಕೆಯ ಮೂಲಕ ಸವಾಲು ಹಾಕಿದರೆ ಮೇಲುಶುಲ್ಕ ಇನ್ನಷ್ಟು ಏರುತ್ತದೆಂದು ನಾನು ಫೋನಿನಲ್ಲಿಯೇ ಕೂಗಿದೆ. ಸುತ್ತಿಗೆ ಬಿದ್ದದ್ದು 325 ಡಾಲರಿಗೆ. ಖರೀದಿದಾರರು ಸಂಸ್ಥೆಗೆ ಕೊಡಬೇಕಾದ ಶೇ. 25ರ ಶುಲ್ಕವನ್ನೂ ನ್ಯೂಜೆರ್ಸಿಯ ಶೇ. 6.625ರ ಮಾರಾಟ ತೆರಿಗೆಯನ್ನೂ ಸೇರಿಸಿದರೆ ಸುಮಾರು 433 ಡಾಲರ್ ಆಯಿತು. ಹೊಸಬರು ಸುತ್ತಿಗೆಯ ಬೆಲೆಯನ್ನೇ ಕೊನೆಯ ಬೆಲೆ ಎಂದುಕೊಂಡು ಕೂಗುವುದನ್ನು ಬಹಳ ನೋಡಿದ್ದೇನೆ. ಮೊದಲೇ ಮೂರನೆಯ ಒಂದು ಪಾಲನ್ನು ಮನಸ್ಸಿನಲ್ಲಿ ಕೂಡಿಸಿಕೊಂಡು ಮಿತಿ ಹಾಕಿಕೊಳ್ಳುವುದು ಒಳ್ಳೆಯದು.

ಮನೆಗೆ ತಂದ ಚಿತ್ರವನ್ನು ಫ್ರೇಮಿನ ಕಟ್ಟಿನಿಂದ ಬಿಡಿಸಿದ್ದು ಕಾಗದದ ಸಂರಕ್ಷಣೆ ಮಾಡುವ ಒಬ್ಬ ಪರಿಣತೆ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಹಿಂಬದಿಗೆ ಅಂಟಿಸಿದ್ದ ಕಂದು ಕಾಗದವನ್ನು ಅವರು ಹರಿಯದೆ, ಅಂಚಿನುದ್ದಕ್ಕೂ ಕೊಯ್ದು ಒಂದೇ ಹಾಳೆಯಾಗಿ ತೆಗೆದಿಟ್ಟರು. ‘ಹೆಚ್ಚಿನವರು ಇದನ್ನು ಕಸದ ಬುಟ್ಟಿಗೆ ಹಾಕ್ತಾರೆ, ನೀವು ಹಾಕಬೇಡಿ’ ಎಂಬುದು ಅವರು ಕೊಟ್ಟ ಮೊದಲ ಸಲಹೆ. ಒಳಗಿನ ಅಗ್ಗದ ರಟ್ಟಿನ ಆಮ್ಲ ಇಳಿದು ಚಿತ್ರದ ಸುತ್ತ ಚಹಾ ಬಣ್ಣದ ಪಟ್ಟಿ ಮೂಡಿತ್ತು, ಮೇಲಿನ ಎರಡು ಮೂಲೆಗಳಲ್ಲಿ ಸೆಲ್ಲೋಟೇಪ್ ಒಣಗಿ ಅದರ ಕಲೆ ಮಾತ್ರ ಉಳಿದಿತ್ತು. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ದಲ್ಲಾಳಿಯ ತಲೆಯ ಸುತ್ತ ತೆಳುವಾದ ಅಂಚು ಎದ್ದು ಕಂಡಿತು. ಆ ತಲೆ ಬೇರೆ ಕಾಗದದಲ್ಲಿ ಬರೆದು ಕತ್ತರಿಸಿ ಅಂಟಿಸಿದ ತೇಪೆ. ತೇಪೆಯ ಅಂಚನ್ನು ದಟ್ಟ ಬಿಳಿ ಬಣ್ಣದಿಂದ ಮುಚ್ಚಿ, ಅದರ ಮೇಲೆ ಕಾಲರಿನ ಗೆರೆಯನ್ನು ಮುಂದುವರಿಸಿದ್ದರು. ಬಿಳಿ ಬಣ್ಣ ವಯಸ್ಸಾಗಿ ಕೆನೆಗಟ್ಟಿದ ಕಾಗದದ ಮೇಲೆ ಈಗ ಬೇರೆಯಾಗಿ ಕಾಣುತ್ತದೆ; ಅಚ್ಚಿನಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ತೇಪೆಯ ಕೆಳಗೆ, ರಟ್ಟಿನ ಹಿಂದಿನಿಂದ ಬೆಳಕು ಹಾಯಿಸಿದಾಗ, ಬಾಯಿ ಮುಚ್ಚಿದ ಇನ್ನೊಂದು ಮುಖವಿತ್ತು. ಮಾತಾಡುತ್ತಿರುವವರು ಯಾರೆಂದು ಸಂಪಾದಕರು ಇಲ್ಲಿಯೂ ಕೇಳಿರಬೇಕು.

ಕಂದು ಕಾಗದದ ಮೇಲೆ ಎರಡು ಗುರುತುಗಳಿದ್ದವು. ಒಂದು ಬ್ರೂಕ್ಲಿನ್ನಿನ ಫ್ರೇಮ್ ಅಂಗಡಿಯ ಚೀಟಿ. ಅದರ ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ ಇತ್ತು, ಅಂದರೆ ಆ ಪದ್ಧತಿ ಜಾರಿಯಾದ 1963ರ ನಂತರದ್ದು. ದೂರವಾಣಿಯ ಸಂಖ್ಯೆ 212ರಿಂದ ಶುರುವಾಗುತ್ತಿತ್ತು, ಅಂದರೆ ಬ್ರೂಕ್ಲಿನ್ನಿಗೆ 718 ಎಂಬ ಬೇರೆ ಸಂಖ್ಯೆ ಬಂದ 1984ಕ್ಕಿಂತ ಹಿಂದಿನದು. ಎರಡನೆಯದು ಅರ್ಧ ಹರಿದ ದುಂಡನೆಯ ಚೀಟಿ. ಅದರಲ್ಲಿ 317 ಎಂಬ ಸಂಖ್ಯೆ ಮಾತ್ರ ಉಳಿದಿತ್ತು. ಅದು ಫ್ರೇಮ್ ಅಂಗಡಿಯ ಚೀಟಿಯ ಮೂಲೆಯನ್ನು ಮುಚ್ಚಿಕೊಂಡು ಅಂಟಿದ್ದರಿಂದ ಕಟ್ಟು ಹಾಕಿಸಿದ ಮೇಲೆ ಅಂಟಿಸಿದ್ದೆಂಬುದು ಸ್ಪಷ್ಟ. ಹರಾಜು ಸಂಸ್ಥೆಗಳು ಅಂಟಿಸುವ ಲಾಟ್ ಚೀಟಿ ನೋಡಿ ಅಭ್ಯಾಸವಿದ್ದವರಿಗೆ ಇದು ಅದೇ ಎಂದು ಹೇಳಬೇಕಾಗಿಲ್ಲ.

ಇಂದಿನ ಮಾರಾಟಗಳ ಜಾಡು ಹಿಡಿಯುವುದು ಸುಲಭ. ಹೆರಿಟೇಜಿನಂಥ ಸಂಸ್ಥೆಗಳು ಹಳೆಯ ಮಾರಾಟಗಳ ಚಿತ್ರ ಮತ್ತು ಬೆಲೆಗಳನ್ನು ತಮ್ಮ ತಾಣದಲ್ಲಿ ಇಟ್ಟಿರುತ್ತವೆ. ಇಂಟರ್ನೆಟ್ ಪೂರ್ವದ ಮಾರಾಟಗಳಿಗೆ ಕಾಗದದ ಕ್ಯಾಟಲಾಗುಗಳೇ ಗತಿ. ನ್ಯೂಯಾರ್ಕಿನ ಪೂರ್ವ 71ನೇ ಬೀದಿಯಲ್ಲಿರುವ, ಹೆಲೆನ್ ಕ್ಲೇ ಫ್ರಿಕ್ 1920ರಲ್ಲಿ ಸ್ಥಾಪಿಸಿದ ಫ್ರಿಕ್ ಕಲಾ ಗ್ರಂಥಾಲಯದಲ್ಲಿ ಹರಾಜು ಕ್ಯಾಟಲಾಗುಗಳ ದೊಡ್ಡ ಭಂಡಾರವೇ ಇದೆ, ಮತ್ತು ಯಾವ ವಿಶ್ವವಿದ್ಯಾಲಯಕ್ಕೂ ಸೇರದ ನನ್ನಂಥವನೂ ಹೆಸರು ನೋಂದಾಯಿಸಿ ತರಿಸಿಕೊಂಡು ನೋಡಬಹುದು. 1960ರ ದಶಕದ ನಡುವಿನಿಂದ ಮುಂದಕ್ಕೆ, ಚಿತ್ರಪುಸ್ತಕ, ಪೋಸ್ಟರ್, ‘ಸಂಗ್ರಹಯೋಗ್ಯ ಕಾಗದ’ ಎಂಬ ತಲೆಬರಹಗಳ ಕೆಳಗಿನ ಮಾರಾಟಗಳಲ್ಲಿ 317ನೇ ಲಾಟನ್ನು ಮಾತ್ರ ನೋಡುತ್ತ ಹೋದೆ. ಬಹುಪಾಲು ಕ್ಯಾಟಲಾಗುಗಳಲ್ಲಿ ಚಿತ್ರಗಳೇ ಇಲ್ಲ. ಇದ್ದರೂ ಪುಟಕ್ಕೊಂದು ಕಪ್ಪುಬಿಳುಪಿನ ಫೋಟೊ, ಅದೂ ಹೆಸರುವಾಸಿಗಳದ್ದು. 1974ರಲ್ಲಿ ವಾಲ್ಟ್ ರೀಡ್ ಸ್ಥಾಪಿಸಿದ ಇಲಸ್ಟ್ರೇಷನ್ ಹೌಸಿನಂಥ, ಪತ್ರಿಕಾ ಚಿತ್ರಗಳನ್ನೇ ಗಂಭೀರವಾಗಿ ತೆಗೆದುಕೊಂಡ ಸಂಸ್ಥೆಗಳು ಬರುವವರೆಗೆ ಈ ವರ್ಗದ ಕೃತಿಗಳಿಗೆ ತಮ್ಮದೇ ಆದ ತಲೆಬರಹವೂ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು 1980ರ ದಶಕದ ಆರಂಭದ ಒಂದು ಮಿಶ್ರ ಮಾರಾಟದಲ್ಲಿ. ಲಾಟ್ 317: ‘ವಿವಿಧ ಕಲಾವಿದರ ನಾಲ್ಕು ವ್ಯಂಗ್ಯಚಿತ್ರಗಳು, ದಿ ನ್ಯೂಯಾರ್ಕರ್ ಪತ್ರಿಕೆಗೆ ಬರೆದವು.’ ಅದರ ಕೆಳಗೆ ನಾಲ್ಕರ ಅಡಿಬರಹಗಳನ್ನೂ ಪುಣ್ಯಾತ್ಮರು ಟೈಪು ಮಾಡಿದ್ದರು. ಅವುಗಳಲ್ಲಿ ಒಂದು: ‘ಬಾಡಿಗೆಯಲ್ಲಿ ಪೊರಕೆಯೂ ಸೇರಿದೆ.’ ಹರಾಜಾದ ಮೇಲೆ ಚಂದಾದಾರರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದ ಬೆಲೆಪಟ್ಟಿಯ ಬಿಡಿ ಹಾಳೆ ಕ್ಯಾಟಲಾಗಿನೊಳಗೇ ಮಡಚಿ ಉಳಿದಿತ್ತು. ನಾಲ್ಕೂ ಸೇರಿ 140 ಡಾಲರಿಗೆ ಹೋಗಿದ್ದವು. ನನ್ನ ಪ್ರತಿಯ ಕೆಳಅಂಚನ್ನು ಯಾರೋ ಕತ್ತರಿಸಿದ್ದರಿಂದ ಪೆನ್ಸಿಲಿನಲ್ಲಿ ಬರೆದ ಅಡಿಬರಹದ ಅಕ್ಷರಗಳ ತಲೆಗಳಷ್ಟೇ ಉಳಿದಿದ್ದವು. ಆ ಸಾಲನ್ನು ಅದರ ಮೇಲೆ ಇಟ್ಟು ನೋಡಿದಾಗ ಒಂದೊಂದು ತಲೆಯೂ ಸರಿಯಾಗಿ ಕೂತಿತು.

ಆದರೆ ‘ದಿ ನ್ಯೂಯಾರ್ಕರ್’ ಎಂಬ ಮಾತು ಸರಿಯಿರಲಿಲ್ಲ. ಆ ಪತ್ರಿಕೆ 1925ರ ಫೆಬ್ರುವರಿಯ ಮೊದಲ ಸಂಚಿಕೆಯಿಂದ ಇಂದಿನವರೆಗೂ ಡಿಜಿಟಲ್ ರೂಪದಲ್ಲಿ ಸಿಗುತ್ತದೆ, ಹಾಗಾಗಿ ಇಲ್ಲವೆಂದು ಸಾಬೀತು ಮಾಡುವುದು ತಾಳ್ಮೆಯ ಪ್ರಶ್ನೆ ಮಾತ್ರ. ಈ ತಪ್ಪು ಹೆಸರು ಹರಾಜಿನ ಲೋಕದಲ್ಲಿ ಎಷ್ಟು ಸಾಮಾನ್ಯವೆಂದರೆ, ಚಿತ್ರಕಾರರು ಒಂದೇ ಒಂದು ಸಲ ಅಲ್ಲಿ ಅಚ್ಚಾಗಿದ್ದರೂ ಅವರ ಎಲ್ಲ ಚಿತ್ರಗಳಿಗೂ ಆ ಪತ್ರಿಕೆಯ ಹೆಸರು ಅಂಟಿಕೊಳ್ಳುತ್ತದೆ, ಏಕೆಂದರೆ ಆ ಹೆಸರಿಗೆ ಬೆಲೆ ಇದೆ. ರಟ್ಟಿನ ಹಿಂಬದಿಯಲ್ಲಿ ನೇರಳೆ ಮಸಿಯ ರಬ್ಬರ್ ಮುದ್ರೆಯೊಂದಿತ್ತು, ಪತ್ರಿಕೆಯ ಹೆಸರಿಲ್ಲದೆ, ಚಿತ್ರ ಕಚೇರಿಗೆ ತಲುಪಿದ ತಿಂಗಳು ಮತ್ತು ವರ್ಷ ಮಾತ್ರ. ಆ ತಿಂಗಳಿನಿಂದ ಮುಂದಕ್ಕೆ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’, ‘ಲುಕ್’, ‘ಕೊಲಿಯರ್ಸ್’ ಪತ್ರಿಕೆಗಳ ಬೈಂಡ್ ಮಾಡಿಸಿದ ಸಂಪುಟಗಳನ್ನು ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಟಪುಟವಾಗಿ ತಿರುವಿದೆ. ಅದು ಸಿಕ್ಕಿದ್ದು ‘ಕೊಲಿಯರ್ಸ್’ನಲ್ಲಿ, ಹಿಂದಿನ ಪುಟಗಳಲ್ಲಿ, ಮುಂದುವರಿದ ಕಥೆಯ ಒಂದು ತುಣುಕಿಗೂ ಟೈರಿನ ಜಾಹೀರಾತಿಗೂ ನಡುವೆ. 1888ರಲ್ಲಿ ಆರಂಭವಾಗಿ, 1940ರ ದಶಕದಲ್ಲಿ ಸುಮಾರು 25 ಲಕ್ಷ ಪ್ರತಿಗಳಷ್ಟು ಹೋಗುತ್ತಿದ್ದು, 1957ರ ಜನವರಿಯಲ್ಲಿ ನಿಂತುಹೋದ ಆ ವಾರಪತ್ರಿಕೆ ವ್ಯಂಗ್ಯಚಿತ್ರಗಳಿಗೆ ‘ದಿ ನ್ಯೂಯಾರ್ಕರ್’ನಷ್ಟೇ ಮುಖ್ಯವಾದ ಮನೆಯಾಗಿತ್ತೆಂದು ನಾನು ನಂಬುತ್ತೇನೆ, ಪತ್ರಿಕೆ ಸತ್ತದ್ದರಿಂದ ಅದರ ಹೆಸರಿನ ಬೆಲೆಯೂ ಸತ್ತಿತು.

ಅಚ್ಚಿನಲ್ಲಿ ಅಡಿಬರಹ ಬೇರೆಯೇ ಇತ್ತು. ‘ಪೊರಕೆಗೆ ಮಾತ್ರ ನೀವು ಬೇರೆ ಜಾಗ ನೋಡಿಕೊಳ್ಳಬೇಕು.’ ಪೆನ್ಸಿಲಿನ ಸಾಲಿಗಿಂತ ಇದು ಎಷ್ಟೋ ಮೇಲು: ಮೊದಲನೆಯದರಲ್ಲಿ ದಲ್ಲಾಳಿ ಉದಾರಿ, ಎರಡನೆಯದರಲ್ಲಿ ಅವನು ಜಾಗದ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಬಲ್ಲವನು. ಯಾರು ಬದಲಿಸಿದರೆಂದು ಚಿತ್ರಕಾರರ ಮಗಳನ್ನು ಪತ್ರ ಬರೆದು ಕೇಳಿದೆ. ಈಗ ಎಂಬತ್ತರ ಆಸುಪಾಸಿನಲ್ಲಿರುವ ಅವರು ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ತಂದೆಯವರು ಹಾಸ್ಯದ ಸಾಲುಗಳನ್ನು ಬರೆದುಕೊಡುವವರಿಂದ ಕೊಳ್ಳುತ್ತಿದ್ದರಂತೆ, ಪತ್ರಿಕೆ ಕೊಟ್ಟ ಹಣದಲ್ಲಿ ಕಾಲುಭಾಗ ಅವರಿಗೆ ಹೋಗುತ್ತಿತ್ತಂತೆ. ಆ ಕಾಲದಲ್ಲಿ ಅದೇ ರೂಢಿಯ ಪಾಲು. ಬುಧವಾರ ಬಂದರೆ ಅಪ್ಪ ಟೈ ಕಟ್ಟಿಕೊಂಡು, ಕರಡುಗಳ ಕಟ್ಟನ್ನು ಕಂಕುಳಲ್ಲಿಟ್ಟು ಮ್ಯಾನ್‌ಹಟನ್ನಿನ ಕಚೇರಿಗಳನ್ನೆಲ್ಲ ಸುತ್ತಿ ಬರುತ್ತಿದ್ದರೆಂದೂ, ಸಂಜೆ ಅವರು ಬಾಗಿಲು ಹಾಕುವ ಸದ್ದಿನಿಂದಲೇ ಎಷ್ಟು ಮಾರಾಟವಾಯಿತೆಂದು ಮನೆಯವರಿಗೆ ತಿಳಿಯುತ್ತಿತ್ತೆಂದೂ ಹೇಳಿದರು. ಅಡಿಬರಹ ಬದಲಿಸಿದ್ದು ಸಂಪಾದಕರೇ ಇರಬೇಕೆಂಬುದು ಅವರ ಊಹೆ.

ನಾನು ಕೊಟ್ಟ 433 ಡಾಲರಿನಲ್ಲಿ ಅವರಿಗೆ ಒಂದು ಸೆಂಟೂ ಸೇರಲಿಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಮರುಮಾರಾಟದ ಪಾಲಿನ ಹಕ್ಕೇ ಇಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮು, ಮೂಲಚಿತ್ರ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಶೇ. 10 ಮೀರದ ಪಾಲನ್ನು ಹೇಳುತ್ತದೆಂದು ತಿಳಿಸಿದಾಗ ಅವರು ನಕ್ಕುಬಿಟ್ಟರು. ಚಿತ್ರದ ಕಾಗದ ನನ್ನದಾದರೂ ಅಚ್ಚು ಹಾಕುವ ಹಕ್ಕು ನನ್ನದಾಗುವುದಿಲ್ಲ. ಅಮೆರಿಕದ 1976ರ ಕೃತಿಸ್ವಾಮ್ಯ ಕಾಯ್ದೆ ಈ ಎರಡನ್ನೂ ಸ್ಪಷ್ಟವಾಗಿ ಬೇರೆ ಮಾಡಿದೆ. ಈ ಬರಹದ ಜೊತೆ ಚಿತ್ರವನ್ನು ಹಾಕದಿರುವುದಕ್ಕೆ ಅದೂ ಒಂದು ಕಾರಣ.

ಸಂರಕ್ಷಕಿ ಟೇಪಿನ ಅಂಟನ್ನು ತೆಗೆದು, ಜಪಾನಿ ಕಾಗದದ ಸಣ್ಣ ಪಟ್ಟಿಗಳನ್ನು ಗೋಧಿ ಗಂಜಿಯಿಂದ ಅಂಟಿಸಿ, ಆಮ್ಲರಹಿತ ರಟ್ಟಿನ ಮೇಲೆ ಚಿತ್ರವನ್ನು ಕೂರಿಸಿದರು. ಚಹಾ ಬಣ್ಣದ ಪಟ್ಟಿಯನ್ನು ತೊಳೆಯಲು ಹೋದರೆ ವಾಷ್ ಕದಡುತ್ತದೆಂದು ಹಾಗೇ ಬಿಟ್ಟರು. ಹಳೆಯ ಕಂದು ಕಾಗದ, ಅದರ ಎರಡೂ ಚೀಟಿಗಳು, ಕ್ಯಾಟಲಾಗ್ ಪುಟದ ಪ್ರತಿ, ಎರಡು ಅಡಿಬರಹಗಳು, ಎರಡು ಮಾರಾಟಗಳ ಬೆಲೆಗಳು, ಎಲ್ಲವನ್ನೂ ಒಂದು ಲಕೋಟೆಗೆ ಹಾಕಿ ಫ್ರೇಮಿನ ಹಿಂದೆ ಸೇರಿಸಿದ್ದೇನೆ. ನನಗೆ ಮಾರಿದ ಸಂಸ್ಥೆಗೂ ಇಷ್ಟನ್ನು ಬರೆದು ಕಳುಹಿಸಿದೆ. ಮುಗಿದ ಮಾರಾಟದ ವಿವರವನ್ನು ತಿದ್ದುವ ಪದ್ಧತಿ ತಮ್ಮಲ್ಲಿಲ್ಲವೆಂದು ಎರಡು ಸಾಲಿನ ಉತ್ತರ ಬಂತು.

317ರ ಉಳಿದ ಮೂರು ಚಿತ್ರಗಳ ಅಡಿಬರಹಗಳನ್ನು ನಾನು ಹರಾಜು ತಾಣಗಳ ಹುಡುಕಾಟದಲ್ಲಿ ಹಾಕಿಟ್ಟಿದ್ದೆ. ಕೆಲವು ತಿಂಗಳ ಮೇಲೆ ಆ ಚಿತ್ರಗಳಲ್ಲೊಂದು ಬೇರೊಂದು ರಾಜ್ಯದ ಸಂಸ್ಥೆಯಲ್ಲಿ ಕಾಣಿಸಿಕೊಂಡಿತು, ಅದೇ ಬ್ರೂಕ್ಲಿನ್ ಚೀಟಿಯೊಂದಿಗೆ, ‘ದಿ ನ್ಯೂಯಾರ್ಕರ್’ ಎಂಬ ಅದೇ ಹಳೆಯ ತಪ್ಪಿನೊಂದಿಗೆ, 800ರಿಂದ 1,200 ಡಾಲರಿನ ಅಂದಾಜಿನಲ್ಲಿ. ಈ ಚಿತ್ರವೂ ‘ಕೊಲಿಯರ್ಸ್’ ಸಂಪುಟಗಳಲ್ಲಿ ಸಿಕ್ಕಿದ್ದರಿಂದ ಅಚ್ಚಾದ ಪುಟದ ಫೋಟೊ ತೆಗೆದು ಅವರಿಗೆ ಕಳುಹಿಸಿದೆ. ಅವರು ಮರುದಿನವೇ ವಿವರವನ್ನು ತಿದ್ದಿ, ಸಂಚಿಕೆಯ ದಿನಾಂಕವನ್ನೂ ಸೇರಿಸಿ, ಅಂದಾಜನ್ನು 200–300 ಡಾಲರಿಗೆ ಇಳಿಸಿದರು. ನಾನು 500ರವರೆಗೆ ಕೂಗಿದೆ. 550ಕ್ಕೆ ಬೇರೊಬ್ಬರ ಪಾಲಾಯಿತು.